ಮುಂದೆ ರೋಡಿಲ್ಲ, ಪದ್ಮತ್ತೆಯನ್ನು ಕೇಳಿ

ಹೋದ ತಿಂಗಳು ನಾನೊಂದು ಒಳ್ಳೆಯ ಕೆಲಸ ಮಾಡಿದೆ. ಬೀದಿಯವರೆಲ್ಲ ಹೊಗಳಿದರು. ವಾಟ್ಸ್ಯಾಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನ್ನ ಹೆಂಡತಿ ಮಾತ್ರ ನನ್ನ ಜೊತೆ ಮಾತು ಬಿಟ್ಟಳು.

ಅವಳು ಮಾಡಿದ್ದೇ ಸರಿ ಅಂತ ಅರ್ಥವಾಗಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಏನಾಯಿತು ಅಂತ ಹೇಳುತ್ತೇನೆ, ಕೇಳಿ.

ಶಂಕರಪುರದ ನಮ್ಮ ರಸ್ತೆಯನ್ನು ಅಗೆದರು. (ಬೆಂಗಳೂರಿನಲ್ಲಿ ಇದು ಸುದ್ದಿಯಲ್ಲ, ಹವಾಮಾನ.) ಒಂದು ಬೆಳಿಗ್ಗೆ ಹಾಲು ತರೋಣ ಅಂತ ಗೇಟು ತೆಗೆದರೆ ಎದುರಿಗೆ ಜೆಸಿಬಿ ನಿಂತಿದೆ. ಯಾಕೆ? ಎಷ್ಟು ದಿನ? ಒಂದು ಚೀಟಿ ಇಲ್ಲ, ಒಂದು ಮಾತಿಲ್ಲ. ಹಿಂದೆ ಹಳ್ಳಿಗಳಲ್ಲಿ ಕೆರೆಯ ತೂಬು ತೆಗೆಯಬೇಕಾದರೂ ಡಂಗುರ ಸಾರುತ್ತಿದ್ದರಂತೆ. ನಮಗೆ ಮನೆ ಮುಂದಿನ ನೆಲವೇ ಹೋದರೂ ಹೇಳುವವರಿಲ್ಲ. ಕಾರು ಒಳಗಿದ್ದವರದು ಒಳಗೇ ಉಳಿಯಿತು, ಹೊರಗಿದ್ದವರದು ಹೊರಗೆ.

ನಮ್ಮ ಬೀದಿಗೊಂದು ವಾಟ್ಸ್ಯಾಪ್ ಗ್ರೂಪ್ ಇದೆ. ಅದಕ್ಕೆ ನಾನೇ ಅಡ್ಮಿನ್. (ಬೇರೆ ಯಾರೂ ಒಪ್ಪಲಿಲ್ಲ.) ಅಲ್ಲಿ ದಿನವೂ ಒಂದೇ ನಾಟಕ. "ಎನಿ ಅಪ್‌ಡೇಟ್?" ಅಂತ ಒಬ್ಬರು. "ನೋ ಅಪ್‌ಡೇಟ್" ಅಂತ ಇನ್ನೊಬ್ಬರು. ನಡುವೆ ಗುಲಾಬಿ ಹೂವಿನ ಮೇಲೆ ಗುಡ್ ಮಾರ್ನಿಂಗ್.

ಬೋರ್ಡೇ ಇರಲಿಲ್ಲ ಅಂದರೆ ತಪ್ಪಾದೀತು. ಇತ್ತು. "ಕಾಮಗಾರಿ ಪ್ರಗತಿಯಲ್ಲಿದೆ" ಅಂತ. ಎಲ್ಲಿ? ಗುಂಡಿಯ ಅಂಚಿನಲ್ಲಿ. ಅಂದರೆ ಮೊದಲು ಗುಂಡಿ ಕಾಣುತ್ತದೆ, ಆಮೇಲೆ ಬೋರ್ಡ್. ಮ್ಯಾಪ್ ನಂಬಿಕೊಂಡು ಬಂದ ಕಾರು, ಆಟೊ, ಡೆಲಿವರಿ ಬೈಕು ಎಲ್ಲವೂ ಸರಕ್ಕನೆ ನಮ್ಮ ರಸ್ತೆಗೆ ತಿರುಗಿ, ಗುಂಡಿಯ ತನಕ ಬಂದು, ಒಂದಿಷ್ಟು ಬೈದು, ರಿವರ್ಸಿನಲ್ಲಿ ವಾಪಸ್ ಹೋಗಬೇಕು. ಆ ರಿವರ್ಸಿಗೆ ನಮ್ಮ ಕಾಂಪೌಂಡಿನ ಹೊರಗಿದ್ದ ದಾಸವಾಳದ ಗಿಡ ಬಲಿಯಾಯಿತು.

ಈಗ ಪದ್ಮತ್ತೆಯ ವಿಷಯಕ್ಕೆ ಬರುತ್ತೇನೆ.

ಪದ್ಮತ್ತೆ ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಇದೇ ಮನೆಯಲ್ಲಿದ್ದಾಳೆ. ನನಗೆ ಐವತ್ತು ದಾಟಿದ್ದರೂ ಅವಳಿಗೆ ನಾನು ಇವತ್ತಿಗೂ ಪುಟ್ಟ. ಅವಳು ಕೆಲಸ ಮಾಡುತ್ತಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಎಂಕ್ವೈರಿಯಲ್ಲಿ. ಅದೇನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಯಾರದಾದರೂ ಫೋನ್ ನಂಬರ್ ಬೇಕಿದ್ದರೆ ಎಂಕ್ವೈರಿಗೆ ಫೋನ್ ಮಾಡಬೇಕಿತ್ತು. ಆ ಕಡೆಯಿಂದ ಒಂದು ಹೆಣ್ಣು ದನಿ ಹೆಸರು, ವಿಳಾಸ ಕೇಳಿಕೊಂಡು, ನಂಬರನ್ನು ನಿಧಾನವಾಗಿ ಎರಡೆರಡು ಸಲ ಹೇಳುತ್ತಿತ್ತು. ಇಡೀ ಬೆಂಗಳೂರು ಮುಖ ನೋಡದೆ ಪ್ರಶ್ನೆ ಕೇಳುತ್ತಿದ್ದ ಆ ಹೆಂಗಸರಲ್ಲಿ ನಮ್ಮತ್ತೆಯೂ ಒಬ್ಬಳು. ಸ್ಕೂಲಿನಲ್ಲಿ ನಾನು ಇದನ್ನೇ ಹೇಳಿಕೊಂಡು ಜಂಬ ಕೊಚ್ಚುತ್ತಿದ್ದೆ.

ಮನೆಗೆ ಬಂದ ಮೇಲೂ ಅವಳ ಡ್ಯೂಟಿ ಮುಗಿಯುತ್ತಿರಲಿಲ್ಲ. "ಪದ್ಮಾ, ಮಲ್ಲೇಶ್ವರಕ್ಕೆ ಯಾವ ಬಸ್ಸೇ?" "ಪದ್ಮಕ್ಕ, ಮಗೂಗೆ ಕೆಮ್ಮು ನಿಲ್ತಾನೇ ಇಲ್ಲ, ಯಾವ ಡಾಕ್ಟ್ರ ಹತ್ರ ತೋರಿಸ್ಲಿ?" "ಮದುವೆ ಸೀರೆ ತಗೋಬೇಕು, ಚಿಕ್ಕಪೇಟೇಲಿ ಯಾವ ಗಲ್ಲಿಗೆ ಹೋಗ್ಲಿ?" ಕಾಂಪೌಂಡಿನ ಆಚೆ ಯಾರಾದರೊಬ್ಬರು ನಿಂತೇ ಇರುತ್ತಿದ್ದರು. ಅತ್ತೆ ಕಾಫಿ ಲೋಟ ಹಿಡಿದುಕೊಂಡೇ ಉತ್ತರ ಹೇಳುತ್ತಿದ್ದಳು. ಕಾಫಿ ಆರಿ ತಣ್ಣಗಾಗುತ್ತಿತ್ತು, ಒಳಗಿಂದ ಅಜ್ಜಿ ಬೈಯುತ್ತಿದ್ದಳು. ಆ ಸಂಜೆಗಳು ಮತ್ತೆ ಬೇಕು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಈಗ ಯಾರು ಯಾರನ್ನು ಏನು ಕೇಳುತ್ತಾರೆ, ಹೇಳಿ? ಒಂದು ದಿನ ತಿಂಡಿಯ ಹೊತ್ತಿನಲ್ಲಿ ನಾನು, "ರಾಜಾಜಿನಗರಕ್ಕೆ ಹೋಗ್ಬೇಕು, ಯಾವ ಕಡೆಯಿಂದ ಹೋದ್ರೆ ಬೇಗ ಆಗುತ್ತೋ" ಅಂದೆ. ಅತ್ತೆ ಬಾಯಲ್ಲಿದ್ದುದನ್ನು ನುಂಗಿಕೊಂಡು, "ಚಾಮರಾಜಪೇಟೆ ಮೇಲೆ ಹೋಗಿ..." ಅಂತ ಶುರು ಮಾಡಿದಳು. ಅಷ್ಟರಲ್ಲಿ ನನ್ನ ಮಗಳ ಫೋನು ಎಡಕ್ಕೆ, ಬಲಕ್ಕೆ ಅಂತ ಎಲ್ಲ ಹೇಳಿ ಮುಗಿಸಿತ್ತು. ಅತ್ತೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಇನ್ನೊಂದು ಸ್ವಲ್ಪ ಚಟ್ನಿ ಹಾಕಿಸಿಕೊಂಡಳು. ಆಗ ನಾನು ಗಮನಿಸಲಿಲ್ಲ. ಈಗ ನೆನಪಾಗುತ್ತಿದೆ.

ಬರಬರುತ್ತಾ ಅವಳ ಮಾತು ಕಡಿಮೆಯಾಯಿತು. ಮನೆ ತುಂಬ ನಾವಿದ್ದೇವೆ. ಆದರೂ "ಹ್ಞೂಂ", "ಬೇಡ", "ಸಾಕು" ಇಷ್ಟರಲ್ಲೇ ದಿನ ಮುಗಿಸುತ್ತಿದ್ದಳು. ಕಿವಿ ಮಂದವಾಗಿರಬೇಕು ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಪರೀಕ್ಷೆ ಮಾಡಿ, "ಈ ವಯಸ್ಸಲ್ಲಿ ಇಷ್ಟು ನೆಟ್ಟಗಿರೋ ಕಿವಿ ನಾನು ನೋಡೇ ಇಲ್ಲ" ಅಂದರು. ನಮಗೆ ನಿರಾಳ. ದಾರಿಯಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಬಂದೆವು. ಕಿವಿ ಸರಿಯಿದ್ದರೆ ಮಾತು ಯಾಕೆ ನಿಂತಿದೆ ಅಂತ ಯೋಚಿಸುವ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ.

ಇನ್ನು ರಸ್ತೆ ಅಗೆದ ವಾರದ ಕಥೆ. ಒಂದು ಬೆಳಿಗ್ಗೆ ನೋಡಿದರೆ ಅತ್ತೆ ವರಾಂಡದಲ್ಲಿಲ್ಲ. ರೂಮಿನಲ್ಲಿಲ್ಲ. ಹಿತ್ತಲಲ್ಲೂ ಇಲ್ಲ. ಗುಂಡಿಯ ನೆನಪಾಗಿ ನನಗೆ ಜೀವ ಬಾಯಿಗೆ ಬಂತು. ಹೊರಗೆ ಓಡಿದರೆ, ರಸ್ತೆಯ ತಿರುವಿನಲ್ಲಿ, ಹೊಂಗೆ ಮರದ ನೆರಳಿನಿಂದ ಆಚೆ, ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೊಡೆ ಹಿಡಿದು ಕೂತಿದ್ದಾಳೆ ಅತ್ತೆ. ಎದುರಿಗೆ ಒಂದು ಆಟೊ.

"ಮುಂದೆ ರೋಡಿಲ್ಲಪ್ಪ, ಅಗೆದಿದಾರೆ. ಯಾರ ಮನೆಗೆ ಹೋಗ್ಬೇಕು?"

"ಮ್ಯಾಪಲ್ಲಿ ತೋರಿಸ್ತಿದೆಯಲ್ಲಮ್ಮ," ಅಂದ ಆಟೊದವನು.

"ಮ್ಯಾಪು ಬಂದು ನೋಡಿದೆಯಾ? ನಾನು ನೋಡಿದೀನಿ. ಯಾರ ಮನೆ ಹೇಳು."

ಅವನು ನಕ್ಕು ಹೆಸರು ಹೇಳಿದ. "ಹಿಂದಿನ ಕ್ರಾಸಲ್ಲಿ ಎಡಕ್ಕೆ ತಗೋ. ಗಣಪತಿ ದೇವಸ್ಥಾನ ಸಿಗುತ್ತೆ, ಅದರ ಪಕ್ಕದ ರೋಡು. ಹಿಂದಿನ ಕ್ರಾಸು, ಎಡಕ್ಕೆ." ನಿಧಾನವಾಗಿ, ಎರಡೆರಡು ಸಲ. ನಾನು ಅಲ್ಲೇ ನಿಂತುಬಿಟ್ಟೆ. ಆ ದನಿಯನ್ನು ಕೇಳಿ ಎಷ್ಟು ಕಾಲವಾಗಿತ್ತು!

"ಯಾಕತ್ತೆ, ಇಲ್ಲಿ ಬಂದು ಕೂತಿದೀಯ?"

"ಬರೋರಿಗೆ ಹೇಳೋರು ಒಬ್ಬರು ಬೇಡ್ವೇನೋ? ಹೋಗು, ತಿಂಡಿ ತಿನ್ನು. ನಂದಾಯ್ತು."

ಮಾರನೆಯ ದಿನದಿಂದ ಅದೇ ಅವಳ ಆಫೀಸಾಯಿತು. ಬೇಗ ಸ್ನಾನ. ಗಂಜಿ ಹಾಕಿದ ಕಾಟನ್ ಸೀರೆ. ಮೂಲೆ ಸೇರಿದ್ದ ವಾಚಿಗೆ ಹೊಸ ಸೆಲ್ ಹಾಕಿಸಿಕೊಂಡಳು. ರೋಡಿಲ್ಲ ಅಂತ ಹೇಳಿ ಸುಮ್ಮನಾಗುವ ಜಾಯಮಾನ ಅವಳದಲ್ಲ. "ಅವರು ಊರಲ್ಲಿಲ್ಲ, ಪಾರ್ಸಲ್ ಎದುರುಮನೇಲಿ ಕೊಡಪ್ಪ." "ಸಿಲಿಂಡರ್ ಗಾಡಿ ಆ ಕಡೆ ನಿಲ್ಸು, ನಾನು ಅವರಿಗೆ ಹೇಳಿ ಕಳಿಸ್ತೀನಿ." ಅಗೆಯುವ ಕೆಲಸಗಾರರನ್ನೂ ಮಾತಾಡಿಸಿದಳು. ಯಾದಗಿರಿ ಕಡೆಯವರು. ಹಳೆಯ ಒಳಚರಂಡಿ ಪೈಪು ಬದಲಿಸುತ್ತಿದ್ದಾರೆ, ಆಮೇಲೆ ಕಾಂಕ್ರೀಟ್ ಹಾಕುತ್ತಾರೆ ಅನ್ನುವುದು ನಮಗೆ ಗೊತ್ತಾದದ್ದೇ ಅವಳಿಂದ. ನಾವೆಲ್ಲ ವಾರ್ಡಿನ ಎಂಜಿನಿಯರಿಗೆ ಫೋನ್ ಮಾಡುತ್ತಿದ್ದೆವು. ಅವರು ಎತ್ತುತ್ತಿರಲಿಲ್ಲ.

ಬೀದಿಯವರೂ ನಿಲ್ಲತೊಡಗಿದರು. ಆಫೀಸಿಗೆ ಹೊರಟವರು, ಮಕ್ಕಳನ್ನು ಸ್ಕೂಲಿಗೆ ಬಿಡುವವರು, ಪಕ್ಕದಲ್ಲೇ ಇದ್ದೂ ನಮಗೆ ಹೆಸರು ಗೊತ್ತಿಲ್ಲದ ಅಪಾರ್ಟ್‌ಮೆಂಟಿನವರು. "ಪದ್ಮಮ್ಮ, ಇವತ್ತು ನೀರು ಬರುತ್ತಾ?" ನಮ್ಮ ಗ್ರೂಪಿನಲ್ಲಿ "ನೋ ಅಪ್‌ಡೇಟ್" ಹೋಗಿ ಹೊಸ ಮಾತು ಬಂತು. ಪದ್ಮಮ್ಮ ಹೇಳಿದ್ರು, ನಾಳೆ ನೀರಿಲ್ಲ, ಇವತ್ತೇ ತುಂಬಿಸ್ಕೊಳ್ಳಿ. ಪದ್ಮಮ್ಮ ಹೇಳಿದ್ರು, ಮೂಲೆಮನೆ ಮೇಷ್ಟ್ರಿಗೆ ಹುಷಾರಿಲ್ಲ, ಹಾರ್ನ್ ಹೊಡೀಬೇಡಿ. ಗ್ರೂಪಿನಲ್ಲೇ ಇಲ್ಲದ ಹೆಂಗಸು ಗ್ರೂಪನ್ನು ನಡೆಸುತ್ತಿದ್ದಳು. ಅಡ್ಮಿನ್ ಆದ ನನಗೆ ಒಂಚೂರು ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಊಟಕ್ಕೆ ಬಂದರೆ ಅವಳಿಗೆ ಬಾಯಿಗೆ ಬಿಡುವಿರುತ್ತಿರಲಿಲ್ಲ. ಯಾರು ಬಂದರು, ಯಾರು ದಾರಿ ತಪ್ಪಿದ್ದರು, ಯಾರ ಮನೆಗೆ ಹೆಣ್ಣು ನೋಡಲು ಬಂದವರು ಗುಂಡಿ ನೋಡಿಕೊಂಡು ಹೋದರು, ಎಲ್ಲ. ನನ್ನ ಹೆಂಡತಿ ವೀಣಾ ಬಡಿಸುತ್ತಾ ನಗುತ್ತಿದ್ದಳು. "ಅತ್ತೆ ಎರಡನೇ ಸಲ ಸಾರನ್ನ ಹಾಕಿಸ್ಕೊಳ್ತಿದಾರೆ, ನೋಡಿದ್ರಾ?" ಅಂತ ನನ್ನನ್ನು ಕೇಳಿದಳು. ನಾನು ನೋಡಿರಲಿಲ್ಲ.

ನಾನು ನೋಡಿದ್ದು ಬಿಸಿಲನ್ನು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನು. ಸಾಲದ್ದಕ್ಕೆ ಮಲ್ಲೇಶ್ವರದಿಂದ ನನ್ನ ಅಕ್ಕನ ಫೋನು: "ಏನೋ, ಅತ್ತೇನ ಬೀದೀಲಿ ಕೂರಿಸಿದೀಯಂತೆ? ನೋಡಿದವರು ಏನಂದ್ಕೊಳ್ತಾರೆ?" ತಗೊಳ್ಳಿ. ನನ್ನೊಳಗಿನ ಜವಾಬ್ದಾರಿಯುತ ನಾಗರಿಕ ಎದ್ದು ಕೂತ. ಎಂಜಿನಿಯರಿಗೆ ಉದ್ದನೆಯ ಮೆಸೇಜ್ ಕಳಿಸಿದೆ. ಕೊನೆಯಲ್ಲಿ, "ಇಲ್ಲದಿದ್ದರೆ ಪೇಪರಿನಲ್ಲಿ ಬರೆಯುತ್ತೇನೆ" ಅಂತ ಸೇರಿಸಿದೆ. (ಅಂಕಣಕಾರನ ಕೈಯಲ್ಲಿರುವುದು ಅದೊಂದೇ ಆಯುಧ. ಅದೂ ಮೊಂಡು.)

ಆಶ್ಚರ್ಯ ಅಂದರೆ, ಅದು ಕೆಲಸ ಮಾಡಿತು. ಮಾರನೆಯ ಬೆಳಿಗ್ಗೆ ತಿರುವಿನಲ್ಲಿ ಆಳೆತ್ತರದ ಬೋರ್ಡ್. "ರಸ್ತೆ ಮುಚ್ಚಿದೆ. ಬದಲಿ ಮಾರ್ಗ." ದಪ್ಪನೆಯ ಕೆಂಪು ಬಾಣ. ಎಂಜಿನಿಯರೇ ಖುದ್ದು ನಮ್ಮ ಗ್ರೂಪಿಗೆ ಸೇರಿಕೊಂಡು, ನೀರು ಯಾವಾಗ, ಪೈಪು ಯಾವಾಗ ಅಂತ ಬೆಳಿಗ್ಗೆ ಸಂಜೆ ಬರೆಯತೊಡಗಿದರು. ಇಂಥದ್ದು ಬೆಂಗಳೂರಿನಲ್ಲಿ ಎಲ್ಲಾದರೂ ನಡೆದದ್ದುಂಟೇ? ಬೋರ್ಡಿನ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಚಪ್ಪಾಳೆ ಬಿದ್ದದ್ದು ಆಗಲೇ.

ಯುದ್ಧ ಗೆದ್ದವನ ಹಾಗೆ ಮನೆಗೆ ಬಂದೆ. "ಅತ್ತೆ, ಇನ್ಮೇಲೆ ನೀನು ಬಿಸಿಲಲ್ಲಿ ಕೂರೋದು ಬೇಡ. ಬೋರ್ಡ್ ಹಾಕಿಸ್ಬಿಟ್ಟೆ."

ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. "ಒಳ್ಳೇದಾಯ್ತು ಬಿಡು," ಅಂದಳು. ಆದರೂ ಕೊಡೆ ತೆಗೆದುಕೊಂಡು ಹೊರಟಳು.

ನಾನು ಗೇಟಿನಲ್ಲಿ ನಿಂತು ನೋಡಿದೆ. ಕಾರುಗಳು ಬಂದವು, ಬಾಣ ನೋಡಿದವು, ಹೋದವು. ಒಂದು ಆಟೊ ನಿಧಾನವಾಯಿತು. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಆಟೊದವನು ಬೋರ್ಡ್ ಓದಿಕೊಂಡು ತಿರುಗಿಸಿ ಹೊರಟುಹೋದ. ಅವಳು ಮತ್ತೆ ಹಿಂದಕ್ಕೆ ಒರಗಿದಳು. ಬೀದಿಯವರು ಕೈಬೀಸಿ ಮುಂದೆ ಹೋದರು. ಕೇಳುವುದಾದರೂ ಏನಿತ್ತು? ಎಲ್ಲವೂ ಅವರವರ ಫೋನಿನಲ್ಲಿತ್ತು.

ಊಟದ ಹೊತ್ತಿಗೆ ಇನ್ನೂ ಬಹಳ ಮುಂಚೆಯೇ ಅತ್ತೆ ಕುರ್ಚಿ ಎತ್ತಿಕೊಂಡು ವಾಪಸ್ ಬಂದಳು. ವಾಚು ಬಿಚ್ಚಿ ದೇವರ ಗೂಡಿನ ಪಕ್ಕದಲ್ಲಿಟ್ಟಳು. ಆಮೇಲೆ ಊಟಕ್ಕೆ ಕೂತಾಗ ವೀಣಾ, "ಇನ್ನೊಂಚೂರು ಸಾರು ಹಾಕ್ಲಾ ಅತ್ತೆ?" ಅಂದಳು.

"ಸಾಕು," ಅಂದಳು ಅತ್ತೆ.

ವೀಣಾ ಅಡುಗೆಮನೆಯಲ್ಲಿ ನನ್ನ ಕಡೆ ತಿರುಗಿದಳು. "ಸಮಾಧಾನ ಆಯ್ತಾ ನಿಮ್ಗೆ?"

"ಬಿಸಿಲಲ್ಲಿ ಕೂತಿದ್ಲು ಕಣೇ."

"ಬಿಸಿಲು ಕಾಣಿಸ್ತು ನಿಮ್ಗೆ. ಅವರ ಮುಖ ಕಾಣಿಸ್ಲಿಲ್ಲ." ಇಷ್ಟು ಹೇಳಿ ಅವಳು ಮಾತು ಬಿಟ್ಟಳು.

ನನಗೆ ಅರ್ಥವಾದದ್ದು ಆಮೇಲೆ. ಅತ್ತೆ ನೆರಳು ಕೇಳಿರಲಿಲ್ಲ. ಯಾರಾದರೂ ಗಾಡಿ ನಿಲ್ಲಿಸಿ ತನ್ನನ್ನು ಒಂದು ಮಾತು ಕೇಳಲಿ ಅಂತ ಅವಳಿಗೆ ಆಸೆಯಿತ್ತು. ಅಷ್ಟೇ. ಆ ಆಸೆ ಇಟ್ಟುಕೊಂಡು ಅವಳು ಎಷ್ಟು ವರ್ಷದಿಂದ ನಮ್ಮ ಜೊತೆ ತಿಂಡಿಗೆ ಕೂತಿದ್ದಾಳೋ.

ಮೊದಲು ದಾರಿ ಕೇಳಬೇಕಾದರೆ ಜನ ನಿಲ್ಲಬೇಕಿತ್ತು. ನಿಂತವರು ಕುಡಿಯಲು ನೀರು ಕೇಳುತ್ತಿದ್ದರು, ಯಾವ ಊರು, ಯಾರ ಕಡೆಯವರು ಅಂತ ಮಾತು ಬೆಳೆಯುತ್ತಿತ್ತು. ಈಗ ನಾವು ದಾರಿ ತಪ್ಪುವುದಿಲ್ಲ. ಹಾಗಾಗಿ ಯಾರ ಮನೆಯ ಮುಂದೆಯೂ ನಿಲ್ಲುವುದಿಲ್ಲ. ಇದನ್ನು ಲಾಭ ಅನ್ನಬೇಕೋ ನಷ್ಟ ಅನ್ನಬೇಕೋ ನನಗೆ ತಿಳಿಯದು. ಆ ತಣ್ಣಗಾದ ಕಾಫಿಯ ಸಂಜೆಗಳಿಗಾಗಿ ಮನಸ್ಸು ಹಂಬಲಿಸುವುದು ಮಾತ್ರ ನಿಜ.

ತಪ್ಪು ತಿದ್ದಿಕೊಳ್ಳಲು ನಾನೂ ಒಂದು ಪ್ರಯತ್ನ ಮಾಡಿದೆ. ಸ್ಕೂಟರ್ ಕೀ ಕೈಯಲ್ಲಿ ಹಿಡಿದು, "ಅತ್ತೆ, ಗಾಂಧಿಬಜಾರಿಗೆ ಯಾವ ಕಡೆಯಿಂದ ಹೋಗ್ಲಿ?" ಅಂದೆ.

ಅತ್ತೆ ನನ್ನ ಮುಖ ನೋಡಿದಳು. ಬೈಯಲಿಲ್ಲ. ಮೆತ್ತಗೆ ಹೇಳಿದಳು: "ಗೊತ್ತಿಲ್ದೆ ಕೇಳೋರ ದನಿ ನಂಗೆ ಗೊತ್ತಾಗುತ್ತೆ ಕಣೋ, ಪುಟ್ಟಾ."

ನಾನು ಕೀಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದೆ.

ಹೋದ ಭಾನುವಾರ ನಮ್ಮ ರಸ್ತೆ ತೆರೆಯಿತು. ನುಣ್ಣನೆಯ ಕಾಂಕ್ರೀಟು. ಬೋರ್ಡ್ ಎತ್ತಿಕೊಂಡು ಹೋದರು. ಯಾದಗಿರಿಯವರು ಹೊರಡುವ ಮುಂಚೆ ಗೇಟಿಗೆ ಬಂದು ಅತ್ತೆಗೆ, "ಬರ್ತೀವ್ರೀ ಅಮ್ಮಾರ" ಅಂತ ಹೇಳಿ ಹೋದರು. "ಕಾಮಗಾರಿ ಮುಗಿದಿದೆ" ಅಂತ ನಾನು ಗ್ರೂಪಿಗೆ ಹಾಕಿದೆ. ಮತ್ತೆ ಚಪ್ಪಾಳೆ.

ಸಂಜೆ ವರಾಂಡದಲ್ಲಿ ಅತ್ತೆಯ ಪಕ್ಕ ಕೂತೆ. ನಮ್ಮ ಗೇಟಿನ ಮುಂದೆ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಒಂದೂ ನಿಧಾನವಾಗಲಿಲ್ಲ. ಅತ್ತೆ ಬಹಳ ಹೊತ್ತು ತಿರುವಿನ ಕಡೆಯೇ ನೋಡುತ್ತಿದ್ದಳು. ಎಲ್ಲರ ಪ್ರಶ್ನೆಗೂ ಉತ್ತರ ಹೇಳಿದವಳು ಅವಳು. ತಾನಾಗಿ ನನ್ನನ್ನು ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಅವತ್ತು ಕೇಳಿದಳು.

"ಪುಟ್ಟಾ, ಇನ್ನು ಯಾವ ರೋಡು ಅಗೀತಾರಂತೆ?"