ಸಮುದ್ರದಾಕಿ

ಈ ಸಲದ ಬೇಸಿಗೆ ನಮ್ಮ ಕೊಪ್ಪಳದಲ್ಲಿ ಹೇಗಿತ್ತೆಂದರೆ, ಬೆಳಿಗ್ಗೆಯೇ ನಲ್ಲಿಯ ನೀರು ಕೈ ಸುಡುತ್ತಿತ್ತು. ಅಂಥ ಒಂದು ದಿನ ಕರೆಂಟು ಹೋಗಿ, ನಾನು ಬಾಗಿಲಲ್ಲಿ ಕೂತು ಪರೀಕ್ಷೆಯ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಮನೆಯವರೆಲ್ಲ ಇರುವ ಗುಂಪಿಗೆ ಅಕ್ಕನ ಮಗ ಏನೋ ಕಳಿಸಿದ್ದ: ಕಾರವಾರದಲ್ಲಿ ಬೇಸಿಗೆಯ ಶನಿವಾರ, ರವಿವಾರ ಏನೇನು ಮಾಡಬಹುದು. ದೋಣಿ ಹತ್ತಬಹುದು, ಉಸುಕಿನಲ್ಲಿ ಬರಿಗಾಲಲ್ಲಿ ನಡೆಯಬಹುದು, ಎಳನೀರು ಕುಡಿಯುತ್ತ ಸೂರ್ಯ ಮುಳುಗುವುದನ್ನು ನೋಡಬಹುದು. ಅದರ ಕೆಳಗೆ ಭಾವ ಮಾತಾಡಿ ಕಳಿಸಿದ ದನಿ.

“ಎಲ್ಲಾರೂ ಹೋಗೂಣು. ನಮ್ಮ ಸಮುದ್ರದಾಕಿಗೆ ಭಾಳ ಖುಷಿ ಆಕ್ಕತಿ.”

ಅಕ್ಕನ ಸೊಸೆ ನಗುವ ಮುಖಗಳನ್ನು ಹಾಕಿದ್ದಳು. ಮೊಮ್ಮಕ್ಕಳೂ ಹಾಕಿದ್ದವು. ನಾನು ಮೊಬೈಲನ್ನು ಬೋರಲು ಇಟ್ಟೆ.

ಸಮುದ್ರದಾಕಿ ಎಂದರೆ ನನ್ನ ಅಕ್ಕ, ಗಿರಿಜಕ್ಕ. ನಮ್ಮ ತವರು ಅಳವಂಡಿ. ಸಮುದ್ರ ಹೋಗಲಿ, ತುಂಬಿದ ಕೆರೆ ಕಂಡರೂ ನಿಂತು ನೋಡುವ ಮಂದಿ ನಾವು. ನಾನಂತೂ ಈಗ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಅರಬ್ಬೀ ಸಮುದ್ರವನ್ನು ನೀಲಿ ಸೀಮೆಸುಣ್ಣದಲ್ಲಿ ತೀಡಿ ತೀಡಿ ಬೆರಳು ನೀಲಿಯಾಗಿವೆ. ಆದರೆ ನಾನು ಕಣ್ಣಾರೆ ಕಂಡ ಸಮುದ್ರ ಎಷ್ಟು ಗೊತ್ತೇ? ಎರಡು ಕಟ್ಟಡಗಳ ನಡುವೆ, ಓಡುವ ಆಟೋದಿಂದ, ಒಂದು ಪಂಚೆಯಗಲ.

ಅಕ್ಕನನ್ನು ಕುಷ್ಟಗಿಗೆ ಕೊಟ್ಟಿದ್ದರು. ಭಾವನದು ಕಿರಾಣಿ ಅಂಗಡಿ. ಕೆಟ್ಟವರಲ್ಲ, ಕುಡಿತವಿಲ್ಲ, ಹೊಡೆತವಿಲ್ಲ. ಊರಲ್ಲಿ ಅಷ್ಟಿದ್ದರೆ ದೇವರಂಥ ಗಂಡ ಎನ್ನುತ್ತಾರೆ. ಮದುವೆಯಾದ ವರ್ಷ ಅಕ್ಕ ಅವರನ್ನು ಕೇಳಿದ್ದು ಒಂದೇ, “ನನಗ ಒಮ್ಮೆ ಸಮುದ್ರ ತೋರಿಸ್ರಿ.” ಅವರು ಆಗಲಿ ಎಂದಿದ್ದರು. ಮಗ ಹುಟ್ಟಿ ಸಾಲಿಗೆ ಹೋಗುವಂತಾದ ಮೇಲೆ ಒಂದು ಬೇಸಿಗೆ ಆ ಮಾತು ನಡೆಯಿತು. ಮಗನನ್ನು ಅಳವಂಡಿಯಲ್ಲಿ ಅವ್ವನ ಹತ್ತಿರ ಬಿಟ್ಟು ಹೊರಟರು. ಕಾಲೇಜು ಓದುತ್ತಿದ್ದ ತಂಗಿಯಾದ ನನ್ನನ್ನು ಅಕ್ಕನೇ ಜೊತೆಗೆ ಕರೆದುಕೊಂಡಳು.

ಕಾರವಾರದಲ್ಲಿ ಇಳಿದದ್ದು ಭಾವನ ಹಳೆಯ ಗೆಳೆಯರೊಬ್ಬರ ಮನೆಯಲ್ಲಿ. ಕುಷ್ಟಗಿ ಕಡೆಯವರೇ, ಅಲ್ಲಿ ಬಟ್ಟೆ ಅಂಗಡಿ ಇಟ್ಟು ನೆಲೆಯಾದವರು. ಅಕ್ಕ ಕಾಲು ತೊಳೆದು ಒಳಗೆ ಬರುತ್ತಿದ್ದಂತೆ ಆ ಮನೆಯ ಯಜಮಾನರು, “ತಂಗಿ, ನಮ್ಮ ಕಡಿ ರೊಟ್ಟಿ ತಿಂದು ಯಾವ ಕಾಲ ಆತು. ನಿನ್ನ ಕೈಲೆ ಎರಡು ಬಡೀವಾ,” ಎಂದರು.

ಅಕ್ಕ ನಗುತ್ತ ಸೆರಗು ಸಿಕ್ಕಿಸಿದಳು. ಎರಡು ರೊಟ್ಟಿ ಯಾರು ತಿನ್ನುತ್ತಾರೆ? ಮಧ್ಯಾಹ್ನಕ್ಕೆ ಅವರ ತಮ್ಮನ ಮನೆಯವರು ಬಂದರು, ರಾತ್ರಿ ಪಕ್ಕದ ಓಣಿಯ ನಮ್ಮ ಕಡೆಯವರು ಬಂದರು. ಜೋಳದ ರೊಟ್ಟಿ ಎಂಬ ಸುದ್ದಿ ಅಷ್ಟು ಬೇಗ ಹರಡುತ್ತದೆಂದು ನನಗೆ ಗೊತ್ತಿರಲಿಲ್ಲ. ಆ ಊರಿನ ಸೆಕೆಯಲ್ಲಿ, ಒಲೆಯ ಮುಂದೆ, ಅಕ್ಕನ ರವಿಕೆ ಬೆನ್ನಿಗೆ ಅಂಟಿತ್ತು. ನಾನು ಹಿಟ್ಟು ಹದಮಾಡಿ ಕೊಡುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಿದಾಗ ಮಾತ್ರ ಕಿಟಕಿಯಿಂದ ಸಮುದ್ರದ ಸದ್ದು ಕೇಳುತ್ತಿತ್ತು. ಗಂಡಸರು ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಶೇಂಗಾದ ಧಾರಣೆ ಮಾತಾಡುತ್ತಿದ್ದರು. ಸಂಜೆ ಅವರಷ್ಟೇ ದಂಡೆಗೆ ಹೋಗಿ ಬಂದರು.

ರವಿವಾರವೂ ಹಾಗೆಯೇ. ರಾತ್ರಿಯ ಬಸ್ಸಿಗೆ ನಾವು ಹೊರಡಬೇಕು. ಹೊತ್ತು ಇಳಿಯುವಾಗ ಅಕ್ಕ ಪಡಸಾಲೆಯ ಬಾಗಿಲಿಗೆ ಬಂದು, “ಏನ್ರಿ, ಒಂದೀಟು ಹೋಗಿ ಬರೂಣೇನು?” ಎಂದಳು.

ಭಾವ ತಿರುಗಿಯೂ ನೋಡಲಿಲ್ಲ. “ಎಲ್ಲಿ ಹೋಗತೈತಿ ಸಮುದ್ರ? ಅಲ್ಲೇ ಇರತೈತಿ. ಬುತ್ತಿಗೆ ನಾಕು ರೊಟ್ಟಿ ಮಾಡು.”

ಕೂತವರು ನಕ್ಕರು. ಅಕ್ಕ ಒಳಗೆ ಬಂದಳು. ಹಂಚು ಇಳಿಸಿದಳು, ಒಲೆ ಆರಿಸಿದಳು. ನನಗೆ, “ನೀ ಇಲ್ಲೇ ಇರು. ನಿನ್ನೂ ಕರಕೊಂಡು ಹೋದ್ರ ನಿನಗೂ ಬೈತಾರ,” ಎಂದು ಹೇಳಿ ಹಿತ್ತಿಲ ಬಾಗಿಲಿನಿಂದ ಹೊರಟಳು. ಮೊಣಕೈಯಲ್ಲಿ ಹಿಟ್ಟು ಹಾಗೇ ಇತ್ತು.

ಕತ್ತಲಾಗುವಾಗ ಬಂದಳು. ಸೀರೆ ಮೊಣಕಾಲಿನವರೆಗೆ ತೋಯ್ದಿತ್ತು. ಅಷ್ಟರಲ್ಲಿ ಮನೆಯವರೆಲ್ಲ ಓಣಿಯಲ್ಲಿ ಹುಡುಕಿಯಾಗಿತ್ತು. ಭಾವ ಗೆಳೆಯರಿಗೆ ಕೈ ಮುಗಿದರು. ಬಸ್ಸಿನಲ್ಲಿ ಒಂದೇ ಮಾತು: “ಮಂದಿ ಮನ್ಯಾಗ ನನ್ನ ಮರ್ಯಾದಿ ಕಳದಿ.” ಕುಷ್ಟಗಿಗೆ ಹೋಗದೆ ನಮ್ಮನ್ನು ಅಳವಂಡಿಗೇ ತಂದು ಬಿಟ್ಟು, ಮಗನನ್ನು ಎತ್ತಿಕೊಂಡು ಹೋದರು.

ಮಗನಿಲ್ಲದೆ ಅಕ್ಕ ಮಳೆಗಾಲ ಮುಗಿಯುವವರೆಗೆ ತವರಲ್ಲಿದ್ದಳು. ಅವ್ವ ದಿನಾ ಅವಳನ್ನು ಕುಕ್ಕುತ್ತಿದ್ದಳು. “ನೀರು ಕಂಡಿಲ್ಲೇನು ನೀನು? ನಮ್ಮ ಹಳ್ಳದಾಗ ಹರಿಯೋದು ನೀರಲ್ಲೇನು?” ಕೊನೆಗೆ ಅಪ್ಪ ಇಸ್ತ್ರಿಯ ಧೋತರ ಉಟ್ಟು ಕುಷ್ಟಗಿಗೆ ಹೋಗಿ ಅಳಿಯನ ಮುಂದೆ ಕೈಕಟ್ಟಿ ನಿಂತು ಬಂದರು. ಅಕ್ಕ ಅತ್ತೆಯ ಕಾಲಿಗೆ ಬಿದ್ದು “ತಪ್ಪಾತು” ಎಂದು ಒಳಗೆ ಹೋದಳು. ಮಗ ಅವಳನ್ನು ಕಂಡು ಅಜ್ಜಿಯ ಹಿಂದೆ ಅಡಗಿಕೊಂಡನಂತೆ. ಇದನ್ನು ಅಕ್ಕ ನನಗೆ ಹೇಳಿದ್ದು ಒಮ್ಮೆ ಮಾತ್ರ.

ಆಮೇಲೆ ಸಿಟ್ಟು ಇಳಿಯಿತು. ಸಿಟ್ಟು ಇಳಿದಲ್ಲಿ ಚೇಷ್ಟೆ ಹುಟ್ಟಿತು. ಅಕ್ಕ ಸ್ವಲ್ಪ ಹೊತ್ತು ಕಾಣದಿದ್ದರೆ “ಸಮುದ್ರದಾಕಿ ಎಲ್ಲಿ ಹೋಗ್ಯಾಳ?” ಸಾರಿಗೆ ಉಪ್ಪು ಹೆಚ್ಚಾದರೆ “ಸಮುದ್ರದ ನೀರು ಹಾಕೀಯೇನು?” ವರ್ಷಗಟ್ಟಲೆ. ಈಗ ಮೊಮ್ಮಕ್ಕಳಿಗೆ ಅದು ಅಜ್ಜಿಯ ಮುದ್ದಿನ ಹೆಸರು. ಭಾವನಿಗಂತೂ ಅದು ಎಲ್ಲಿಂದ ಬಂದ ಮಾತೆಂಬುದೇ ಮರೆತಿದೆ. ಹೆಂಡತಿಗೆ ಸಮುದ್ರವೆಂದರೆ ಪ್ರಾಣ, ಅದಕ್ಕೇ ಆ ಹೆಸರು ಎಂದು ನಿಜವಾಗಿಯೂ ನಂಬಿದ್ದಾರೆ. ನನಗೆ ಎಲ್ಲಕ್ಕಿಂತ ಕಹಿಯಾದದ್ದು ಇದೇ. ನೆನಪಿಟ್ಟುಕೊಂಡವರ ಹತ್ತಿರ ಜಗಳವಾಡಬಹುದು. ಮರೆತವರ ಹತ್ತಿರ ಏನು ಮಾಡುತ್ತೀರಿ?

ಈ ಸಲ ಕಾರವಾರಕ್ಕೆ ಅಕ್ಕ ಹೋಗಲಿಲ್ಲ. “ಸಂಡಿಗಿ ಇಟ್ಟೀನಿ, ನೀವು ಹೋಗಿ ಬರ್ರಿ,” ಎಂದಳಂತೆ. ಅವರೆಲ್ಲ ಕಾರು ಮಾಡಿಕೊಂಡು ಹೋದರು. ನಾನು ಶನಿವಾರ ಕುಷ್ಟಗಿಯ ಬಸ್ಸು ಹತ್ತಿದೆ.

ರವಿವಾರ ಸಂಜೆ ಮಾಳಿಗೆಯ ಮೇಲೆ ಸಂಡಿಗೆ ತೆಗೆಯುತ್ತಿದ್ದಾಗ ಭಾವ ವಿಡಿಯೋ ಕರೆ ಮಾಡಿದರು. ಪರದೆಯ ತುಂಬ ನೀರು. “ನೋಡು, ನಿನ್ನ ಸಮುದ್ರ,” ಎಂದರು. ಅಕ್ಕ ನೋಡಿದಳು. “ಛಲೋ ಐತಿ. ಹುಡುಗರನ್ನ ಒಳಗ ಬಿಡಬ್ಯಾಡ್ರಿ,” ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟಳು.

ಇಷ್ಟು ವರ್ಷ ಕೇಳದಿದ್ದದ್ದನ್ನು ಆಗ ಕೇಳಿದೆ. “ಅಕ್ಕ, ಅವತ್ತು ಅಲ್ಲಿ ಹೋಗಿ ಏನು ಮಾಡಿದಿ?”

“ಏನೂ ಮಾಡ್ಲಿಲ್ಲ. ನಿಂತಿದ್ದೆ.” ಹರಿದ ಸೀರೆಯ ಮೇಲಿನ ಸಂಡಿಗೆಗಳನ್ನು ಒಂದೊಂದಾಗಿ ಬಿಡಿಸಿದಳು. “ಯಾರೂ ಕರೀಲಿಲ್ಲ ನೋಡು. ಅಷ್ಟು ಹೊತ್ತು ಯಾರೂ ನನ್ನ ಕರೀಲಿಲ್ಲ. ಮದುವಿ ಆದಾಗಿಂದ ಅದೊಂದ ಸಲ.”

“ಮತ್ತ ಈಗ್ಯಾಕ ಹೋಗ್ಲಿಲ್ಲ?”

“ಇವರ ಕೂಡ ಹೋದ್ರ ಅದೂ ಇವರದ ಆಕ್ಕತಿ.”

ಸೋಮವಾರ ಮಧ್ಯಾಹ್ನ ಅವರು ಬಂದರು, ಕಪ್ಪಾಗಿ, ನಗುತ್ತ. ಒದ್ದೆ ಬಟ್ಟೆಯ ಗಂಟು ಅಂಗಳದ ಬಚ್ಚಲ ಕಲ್ಲಿನ ಮೇಲೆ ಬಿತ್ತು. “ಉಸುಕು ಭಾಳ ಐತಿ, ಎರಡು ನೀರಿನ್ಯಾಗ ತೆಗಿ,” ಎಂದು ಹೇಳಿ ಭಾವ ಕಟ್ಟೆಯ ಮೇಲೆ ಕೂತರು. ಅಕ್ಕ ಸೆರಗು ಸಿಕ್ಕಿಸಿದಳು.

ಅಳಿಯನ ಮುಂದೆ ಕೈಕಟ್ಟಿದ ಅಪ್ಪನ ಮಗಳು ನಾನು. ಆ ಮನೆಯಲ್ಲಿ ಅದುವರೆಗೆ ಒಂದು ಮಾತೂ ಎದುರಾಡಿದವಳಲ್ಲ. ಗಂಟಿನಿಂದ ಅವರ ಪ್ಯಾಂಟು ತೆಗೆದು ಅವರ ಮುಂದೆ ಹಿಡಿದೆ. “ಭಾವ, ನಿಮ್ಮ ಉಸುಕು ನೀವ ಝಾಡಿಸ್ರಿ.”

ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಯಾಕೆಂದು ತಿಳಿಯದ ಮಗುವಿನಂತೆ ಎದ್ದು, ಪ್ಯಾಂಟು ತೆಗೆದುಕೊಂಡು ಜೋರಾಗಿ ಝಾಡಿಸಿದರು. ಉಸುಕು ಸಾರಿಸಿದ ಅಂಗಳದ ತುಂಬ ಚೆಲ್ಲಿತು.

ಅಕ್ಕ ಕಸಬರಿಗೆ ತಂದು ಅದನ್ನೂ ಗುಡಿಸಿದಳು.