ಒಂದು ಚಳಿಗಾಲದ ಆಟಗಾರ್ತಿ

ಅಮೆರಿಕದ ಹರ್ನ್‌ಡನ್ನಿನ ನಮ್ಮ ಗ್ಯಾರೇಜಿನಲ್ಲಿ ಕಾರಿಗಿಂತ ಭದ್ರವಾಗಿರುವ ವಸ್ತುವೆಂದರೆ ಒಂದು ಪೆಟ್ಟಿಗೆ ಜರಿ ಶಾಲು. ಕನ್ನಡ ಸಂಘದ ಕಾರ್ಯದರ್ಶಿಯ ಮನೆಯೆಂದ ಮೇಲೆ ಸನ್ಮಾನದ ಸರಕು ಇರಲೇಬೇಕಲ್ಲ. ಶಾಲಿನ ಜತೆಗೊಂದು ಸನ್ಮಾನಪತ್ರವೂ ಉಂಟು. ಅದನ್ನು ಬರೆಯುವ ಕೈ ನನ್ನದು. ನಿಮಗೆ ಗೊತ್ತೇ ಇದೆ ಮಿತ್ರರೇ, ಆ ಪತ್ರದೊಳಗೆ ಹೊಕ್ಕವರಲ್ಲಿ ಮೇರುಪರ್ವತಕ್ಕಿಂತ ಗಿಡ್ಡರು ಯಾರೂ ಇಲ್ಲ.

ಹೋದ ವರ್ಷದ ರಾಜ್ಯೋತ್ಸವಕ್ಕೆ ನಾನು ಒಪ್ಪಿಸಿ ಕರೆತಂದದ್ದು ಪಕ್ಕದ ಮನೆಯ ಡಾಟಿಯವರನ್ನು. ಎಪ್ಪತ್ತು ಸಮೀಪಿಸಿದ, ನಮ್ಮ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರದ, ರಾಲಿ ಎಂಬ ಊರಿನ ಕಡೆಯ ಹೆಂಗಸು. ನನ್ನ ಮಗಳು ಅನಘಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದವರು. ಹೆಂಗಸರು ಸಂಬಳಕ್ಕೆ ಆ ಆಟ ಆಡುವುದು ಆಗತಾನೇ ಶುರುವಾಗಿದ್ದ ಕಾಲದಲ್ಲಿ ಅವರೊಂದು ತಂಡದಲ್ಲಿದ್ದರು. ಒಂದೇ ಚಳಿಗಾಲ, ವಸಂತ ಬರುವ ಮೊದಲೇ ತಂಡ ಬಾಗಿಲು ಹಾಕಿತು. ಹೇಳಿದರೆ ಯಾರೂ ನಂಬುವುದಿಲ್ಲವೆಂದು ಬಾಯಿ ಮುಚ್ಚಿಕೊಂಡಿದ್ದವರು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂಬ ಷರತ್ತಿನ ಮೇಲೆ ಸನ್ಮಾನಕ್ಕೆ ಒಪ್ಪಿದ್ದರು.

ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ನನ್ನ ಕುಲಕ್ಕೇ ಬಂದದ್ದಲ್ಲ. ನನ್ನ ಪತ್ರದಲ್ಲಿ ಆ ಚಳಿಗಾಲ ಒಂದು ಯುಗವಾಯಿತು, ಬದಲಿ ಆಟಗಾರ್ತಿಯಾಗಿ ಬೆಂಚಿನ ಮೇಲೆ ಕೂತಿದ್ದವರು ದಿಗ್ವಿಜಯ ಮಾಡಿಬಂದರು, ಅಮೆರಿಕದ ಅಂಗಳಗಳೆಲ್ಲ ನಡುಗಿದವು. ಮೈಸೂರು ಪೇಟ ತೊಡಿಸಿಕೊಂಡು, ಹಣ್ಣಿನ ತಟ್ಟೆ ಹಿಡಿದು ಕೂತಿದ್ದ ಡಾಟಿಯವರ ಕಿವಿಯಲ್ಲಿ ಅನಘ ಒಂದೊಂದು ಸಾಲನ್ನೂ ಇಂಗ್ಲಿಷಿಗೆ ಇಳಿಸುತ್ತಿದ್ದಳು. ಚಪ್ಪಾಳೆಯ ನಡುವೆ ನನ್ನ ಬಳಿ ಬಂದಳು.

"ಅಪ್ಪ, ಆಂಟಿ ಸ್ಯಾಡ್ ಆಗಿದಾರೆ. ಅವ್ರು ಅಷ್ಟೆಲ್ಲ ಮಾಡಿಲ್ಲ."

ಡಾಟಿಯವರು ಪೇಟವನ್ನು ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ನಿಂತರು. ತಾವು ಹೆಚ್ಚಾಗಿ ಬೆಂಚಿನಲ್ಲೇ ಇದ್ದದ್ದನ್ನೂ, ತಂಡ ಸೋತದ್ದೇ ಹೆಚ್ಚೆಂಬುದನ್ನೂ, ಆದರೂ ಹೆಸರು ಕರೆದಾಗಲೆಲ್ಲ ಓಡಿಹೋಗಿ ಆಡಿದ್ದನ್ನೂ ನಗುತ್ತಲೇ ಹೇಳಿ, ನನ್ನತ್ತ ತಿರುಗಿದರು. ಅವರ ಮಾತು ಕನ್ನಡದಲ್ಲಿ ಇಷ್ಟು: "ನನ್ನ ಹತ್ರ ಇರೋದು ಅದೊಂದೇ ಚಳಿಗಾಲ. ನೀವು ಅದನ್ನ ಊದಿ ದೊಡ್ಡದು ಮಾಡಿದ್ರೆ, ನಿಜವಾಗಿ ಆಡಿದ್ದನ್ನೂ ಜನ ನಂಬಲ್ಲ."

ನನಗೆ ನಾಚಿಕೆಯಾಯಿತು. ಹೊಗಳುವುದರಲ್ಲಿ ನಾವು ಧಾರಾಳಿಗಳು, ಪ್ರೀತಿಯಿಂದಲೇ ಹೊಗಳುತ್ತೇವೆ. ಆ ಭರದಲ್ಲಿ ಎದುರಿಗೆ ಕೂತ ಮನುಷ್ಯರನ್ನು ನೋಡುವುದನ್ನೇ ಮರೆಯುತ್ತೇವೆ.

ಮರುವಾರ ಹೊಸ ಪತ್ರಕ್ಕೆ ಚೌಕಟ್ಟು ಹಾಕಿಸಿ ಅವರ ಮನೆಗೆ ಕೊಂಡೊಯ್ದೆ. ಅದರಲ್ಲಿದ್ದದ್ದು ಎರಡೇ ಸಾಲು: ಡಾಟಿಯವರು ಒಂದು ಚಳಿಗಾಲ ಬ್ಯಾಸ್ಕೆಟ್‌ಬಾಲ್ ಆಡಿದರು. ಕರೆದಾಗಲೆಲ್ಲ ಓಡಿಹೋದರು. ಅನಘ ಅರ್ಥ ಹೇಳಿದಳು. ಡಾಟಿಯವರು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ತಾವೇ ಮೊಳೆ ಹುಡುಕಿ, ಏಣಿಯ ಹಂಗಿಲ್ಲದೆ, ನಾನು ಇನ್ನೇನನ್ನೂ ಸೇರಿಸದಂತೆ, ನನ್ನ ಕೈಗೆಟುಕದ ಎತ್ತರದಲ್ಲಿ ಅದನ್ನು ತೂಗುಹಾಕಿದರು.