ಎದೆಯೊಳಗೆ ಸೇರಿದ ಗುಂಡುಪಿನ್ನು

ಧನಗೆರೆಯ ಚನ್ನಮಲ್ಲಮ್ಮನಿಗೆ ಹೇಳಿದ್ದನ್ನೇ ಮತ್ತೆ ಹೇಳುವುದೆಂದರೆ ಆಗುತ್ತಿರಲಿಲ್ಲ. ರವಿಕೆ ಹೊಲಿಯಲು ಕೊಟ್ಟವರು ದಿನಾ ಬಂದು "ಆಯ್ತೇನಮ್ಮಿ?" ಎಂದು ಕೇಳಿದರೆ ಮಿಷನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಅಂಥವಳು ತೊಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಒಂದೇ ಮಾತನ್ನು ಊರಿಗೆಲ್ಲ, ಕೊಳ್ಳೇಗಾಲಕ್ಕೆಲ್ಲ, ಕೊನೆಗೆ ಮೈಸೂರಿಗೂ ಹೇಳಿಕೊಂಡು ಅಲೆಯಬೇಕಾಯಿತು.

ಮದುವೆ ಕಾಲ. ಕೈತುಂಬ ಕೆಲಸ. ತೋಳಿಗೆ ಪಟ್ಟಿ ಕೂಡಿಸುವಾಗ ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಳ್ಳುವುದು ಅವಳ ರೂಢಿ. ಆವತ್ತು ಆಡೊಂದು ಅಡುಗೆಮನೆಗೆ ನುಗ್ಗಿ ಸೊಪ್ಪಿನ ಕಟ್ಟನ್ನು ಕಚ್ಚಿಕೊಂಡು ಓಡಿತು. ಅತ್ತೆ ಪುಟ್ಟಮಾದಮ್ಮ ಮುದ್ದೆ ತಿರುವುವ ಹಿಟ್ಟಿನ ಕೋಲು ಹಿಡಿದು ಅದರ ಹಿಂದೆ ಬಿದ್ದಳು. ಚನ್ನಮಲ್ಲಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಉಸಿರು ಎಳೆದುಕೊಂಡಳು. ತುಟಿಯ ಪಿನ್ನೊಂದು ಒಳಗೆ ಹೋಯಿತು. ಕಣ್ಣು ಮೂಗಿನಲ್ಲೆಲ್ಲ ನೀರು ಬರುವ ಹಾಗೆ ಕೆಮ್ಮಿದಳು. ಆಮೇಲೆ ಕೆಮ್ಮು ತಾನಾಗಿಯೇ ನಿಂತಿತು. ನಿಂತದ್ದೇ ತಪ್ಪಾಯಿತು, ಅವಳ ಮಾತನ್ನು ಯಾರೂ ನಂಬದ ಹಾಗಾಯಿತು.

"ನುಂಗ್ಬುಟ್ಟಾ? ಬಾಳೆಣ್ಣು ತಿನ್ನು. ಮುದ್ದೆ ದಪ್ಪದಪ್ಪಕ್ಕೆ ನುಂಗು. ಕೆಳೀಕೆ ಓಯ್ತದೆ" ಎಂದಳು ಅತ್ತೆ.

"ನುಂಗ್ನಿಲ್ಲ ಕಣತ್ತೆ. ಉಸ್ರ ಜತೇಲಿ ಒಳೀಕೋಯ್ತು."

"ಬಾಯಿಂದ ಓಗಿದ್ದು ಒಟ್ಟೆಗಲ್ದೆ ಇನ್ನೆಲ್ಲಿಗೋದದಮ್ಮಿ?"

ಗಂಡ ಜಡೇಸ್ವಾಮಿ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಂಜೆ ಬಂದವನು ಇಡೀ ಕಥೆ ಕೇಳಿಸಿಕೊಂಡು, ಎದ್ದು ಹೋಗಿ ಚಾಪೆ ಕೊಡವಿದ. "ಇಲ್ಲೇ ಎಲ್ಲಾರಾ ಬಿದ್ದಿರ್ತದೆ" ಎಂದ. ಅವಳಿಗೆ ಆ ಚಾಪೆಯನ್ನೇ ಅವನಿಗೆ ಸುತ್ತಿ ಹೊರಗಿಡಬೇಕೆನ್ನಿಸಿತು.

ಕೆಲವು ದಿನ ಕಳೆದ ಮೇಲೆ ಬಲಗಡೆ ಬೆನ್ನಲ್ಲಿ ನೋವು ಶುರುವಾಯಿತು. ಕೆಮ್ಮಿದರೆ ಕಫದಲ್ಲಿ ರಕ್ತದ ಎಳೆ. ಊರ ಕಡೆಯ ಡಾಕ್ಟರು ಕೆಮ್ಮಿನ ಔಷಧಿ ಬರೆದರು. ಪಿನ್ನಿನ ಮಾತೆತ್ತಿದರೆ, "ಹೋಗಿರುತ್ತೆ ಬಿಡಮ್ಮ" ಎಂದು ಮುಂದಿನವರನ್ನು ಕರೆದರು. ಕೊನೆಗೆ ಅವಳೇ ಹಟ ಮಾಡಿ ಕೊಳ್ಳೇಗಾಲಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದಳು. ಫಿಲ್ಮಿನಲ್ಲಿ ಪಿನ್ನು ಕಾಣಿಸಿತು, ತಲೆ ಕೆಳಗಾಗಿ, ಮೊನೆ ಮೇಲಾಗಿ. ಎಕ್ಸ್‌ರೇಯವನು ಅದನ್ನು ಬೆಳಕಿಗೆ ಹಿಡಿದು ಗದರಿದ.

"ಏನಮ್ಮಾ, ರವಿಕೆಗೆ ಪಿನ್ನು ಚುಚ್ಕೊಂಡೇ ನಿಂತಿದ್ದೀರಲ್ಲ! ಎಲ್ಲ ಬಿಚ್ಚಿಟ್ಟು ಬನ್ನಿ ಅಂತ ಹೇಳಿರ್ಲಿಲ್ವಾ?"

"ಸಾ, ಅದು ರವಿಕೇಲಿಲ್ಲ. ನನ್ನೊಳಗದೆ. ಅದುನ್ನ ನೋಡಕ್ಕೇ ನಾ ಬಂದಿರೋದು!"

ಆಸ್ಪತ್ರೆಯ ನಿಲುವಂಗಿ ತೊಡಿಸಿ ಇನ್ನೊಂದು ಸಲ ತೆಗೆದರು. ಪಿನ್ನು ಇದ್ದಲ್ಲೇ ಇತ್ತು. ಚನ್ನಮಲ್ಲಮ್ಮನಿಗೆ ಹೆದರಿಕೆಗಿಂತ ಮೊದಲು ಒಂಥರಾ ಸಮಾಧಾನವಾಯಿತು.

ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ಶಿವರುದ್ರಸ್ವಾಮಿ ಅವಳ ಉಸಿರಿನ ಕೊಳವೆಯೊಳಗೆ ದೀಪವಿದ್ದ ಸಣ್ಣ ನಳಿಗೆ ಇಳಿಸಿ ನೋಡಿದರು. ಪಿನ್ನು ಬಹಳ ಆಳದ, ಕಿರಿದಾದ ಕವಲಿಗೆ ಇಳಿದಿತ್ತು. ಅಲ್ಲಿ ಚಿಮಟ ಬಾಯಿ ತೆರೆಯುವಷ್ಟು ಜಾಗವಿರಲಿಲ್ಲ.

"ಎರಡು ದಾರಿ ಇದೆಯಮ್ಮ" ಎಂದರು. "ಒಂದು, ಪಕ್ಕೆ ಕೊಯ್ದು ತೆಗೆಯೋದು. ಇನ್ನೊಂದು, ತುದಿಯಲ್ಲಿ ಅಯಸ್ಕಾಂತ ಇರೋ ದಾರದಂಥ ಕೊಳವೇನ ಬಾಯಿಂದಲೇ ಇಳಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡಿಕೊಂಡು ಪಿನ್ನಿನ ಹತ್ತಿರ ಒಯ್ಯೋದು. ಅಂಟಿಕೊಂಡ್ರೆ ಕೊಯ್ಯೋ ಕೆಲಸವೇ ಇಲ್ಲ. ಆದ್ರೆ ಪಿನ್ನು ಕಬ್ಬಿಣದ್ದಾಗಿರಬೇಕು. ಹಿತ್ತಾಳೆಯದಾದ್ರೆ ಅಂಟಲ್ಲ. ಅಂಥದ್ದೇ ಒಂದು ಪಿನ್ನು ತರಿಸ್ತೀರಾ?"

ಜಡೇಸ್ವಾಮಿ ಬಸ್ಸು ಹತ್ತಿ ಊರಿಗೆ ಹೋದ. ಮರುದಿನ ಟಿಚ್ ಬಟನ್ನಿನ ಡಬ್ಬಿ ಹಿಡಿದುಕೊಂಡು ಬಂದ.

"ಇದೇನ್ರಿ ಇದು?" ಎಂದಳು ಚನ್ನಮಲ್ಲಮ್ಮ.

"ಮಿಷನ್ ಪಕ್ಕದಲ್ಲಿತ್ತು. ಅಲ್ಲಾಡ್ಸಿದ್ರೆ ಗಲಗಲ ಅಂತು."

"ಅಂದ್ರೆ ಮುಚ್ಚಳ ತಗದು ನೋಡ್ಬಾರ್ದು ಅಂತ ಯಾರಾರಾ ಆಣೆ ಹಾಕಿದ್ರಾ?"

ಅವನು ಪೆಚ್ಚಾಗಿ ಮತ್ತೆ ಬಸ್ಸು ಹತ್ತಿದ. ಈ ಸಲ ಸರಿಯಾದ ಡಬ್ಬಿಯೇ ಬಂತು, ಜೊತೆಗೆ ಅತ್ತೆಯೂ ಬಂದಳು. ಡಾಕ್ಟರು ಪಿನ್ನುಗಳನ್ನು ಮೇಜಿನ ಮೇಲೆ ಸುರಿದು ಅಯಸ್ಕಾಂತ ಆಡಿಸಿದರು. ಕೆಲವು ಪಟಪಟನೆ ಹಾರಿ ಅಂಟಿದವು. ಉಳಿದವು ಅಲ್ಲಾಡಲಿಲ್ಲ. ಹಳೆಯ ಪಿನ್ನು, ಹೊಸ ಪಿನ್ನು ಎರಡನ್ನೂ ಅವಳೇ ಒಂದೇ ಡಬ್ಬಿಗೆ ಸುರಿದಿದ್ದಳು. ಹಿತ್ತಾಳೆಯವಕ್ಕೂ ಬಿಳಿ ಲೇಪವಿದ್ದುದರಿಂದ ನೋಡಲು ಎಲ್ಲವೂ ಒಂದೇ ಬಿಳಿ. ಬೈಯಲು ತನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲದಿದ್ದುದು ಅವಳನ್ನು ಇನ್ನಷ್ಟು ರೇಗಿಸಿತು.

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, "ಬ್ಯಾಡ ಕಣಮ್ಮಿ, ಇರದು ಇರ್ಲಿ, ಅದುರ ಪಾಡಿಗದು ಇರ್ತದೆ" ಎಂದಳು. ಗಂಡ, "ಕುಯ್ಸಿಬುಡದೇ ವಾಸಿ, ಒಂದೇ ಸಲಕ್ಕೆ ಆಗೋಯ್ತದೆ" ಎಂದ. ಇಬ್ಬರೂ ಅವಳ ಮಂಚದ ಆಚೆ ಈಚೆ ನಿಂತು ಅವಳು ಅಲ್ಲಿಲ್ಲವೇನೋ ಎಂಬಂತೆ ವಾದಕ್ಕಿಳಿದರು.

"ಎದೆ ನಂದು!" ಎಂದು ಚನ್ನಮಲ್ಲಮ್ಮ ಕೂಗಿದ್ದಕ್ಕೆ ವಾರ್ಡೇ ತಿರುಗಿ ನೋಡಿತು. "ಮೊದ್ಲು ಅಯಸ್ಕಾಂತ ಬುಡ್ಲಿ. ಅಂಟ್ನಿಲ್ಲ ಅಂದ್ರೆ ಆಮೇಕೆ ಕುಯ್ಲಿ. ಇನ್ನ ಯಾರೂ ಬಾಯ್ ಬುಡ್ಬ್ಯಾಡಿ."

ಗಂಟಲಿಗೆ ಕಹಿಯಾದ ಔಷಧಿ ಚಿಮುಕಿಸಿ ಮರಗಟ್ಟಿಸಿದರು. ನಳಿಗೆಯನ್ನೂ, ಅದರೊಳಗಿನಿಂದ ಅಯಸ್ಕಾಂತದ ಕೊಳವೆಯನ್ನೂ ಇಳಿಸಿದರು. "ಕೆಮ್ಮಬಾರದು, ಮೊನೆ ಚುಚ್ಚುತ್ತೆ" ಎಂದರು ಡಾಕ್ಟರು. ಇಷ್ಟು ದಿನ ಕೆಮ್ಮಿಸಿಕೊಂಡೇ ಬಂದ ಪಿನ್ನನ್ನು ಒಳಗಿಟ್ಟುಕೊಂಡು ಕೆಮ್ಮಬೇಡ ಎನ್ನುವುದಕ್ಕೆ ಏನೆನ್ನಬೇಕು? ಅನ್ನಲು ಬಾಯಿಗೂ ಬಿಡುವಿರಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಪಕ್ಕದ ಪರದೆಯತ್ತ ಕಣ್ಣು ಹೊರಳಿಸಿದಳು. ಮಸುಕಿನಲ್ಲಿ ಕಪ್ಪು ಗೆರೆಯಂತೆ ಪಿನ್ನು. ಅದರತ್ತ ಇಳಿಯುತ್ತಿದ್ದ ಇನ್ನೊಂದು ಗೆರೆ. ಎರಡೂ ಹತ್ತಿರವಾದವು. ಏನೂ ಆಗಲಿಲ್ಲ. ಡಾಕ್ಟರು ಕೊಳವೆಯನ್ನು ಹಿಂದಕ್ಕೆಳೆದು, ತುಸು ತಿರುಗಿಸಿ, ಮತ್ತೆ ಇಳಿಸಿದರು. ಆಗಲೂ ಇಲ್ಲ. ಹಿತ್ತಾಳೆಯದೇ ಇರಬೇಕು, ಇನ್ನು ಕತ್ತಿಯೇ ಗತಿ ಎಂದುಕೊಂಡಳು. ಕಣ್ಣಂಚಿನಿಂದ ನೀರಿಳಿದು ಕಿವಿಗೆ ಹೋಯಿತು.

ಅಷ್ಟರಲ್ಲಿ ಪರದೆಯ ಮೇಲೆ ಪಿನ್ನಿನ ಮೊನೆ ಸಣ್ಣಗೆ ನಡುಗಿತು. ಒಂದು ಕ್ಷಣ ಬಾಗಿದ ಹಾಗೆ ಕಂಡು ತಟ್ಟನೆ ಹೋಗಿ ಕೊಳವೆಯ ತುದಿಗೆ ಕಚ್ಚಿಕೊಂಡಿತು. ಡಾಕ್ಟರು ಎಳೆದರೋ ಇಲ್ಲವೋ ಎಂಬಷ್ಟು ನಿಧಾನವಾಗಿ ಎಳೆದರು. ಮೊನೆ ನಳಿಗೆಯ ಬಾಯೊಳಗೆ ಸೇರಿದ ಮೇಲೆ ಎಲ್ಲವನ್ನೂ ಒಟ್ಟಿಗೇ ಹೊರತೆಗೆದರು. ಚನ್ನಮಲ್ಲಮ್ಮ ತಡೆದಿಟ್ಟುಕೊಂಡಿದ್ದ ಕೆಮ್ಮನ್ನೆಲ್ಲ ಒಂದೇ ಸಲಕ್ಕೆ ಕೆಮ್ಮಿದಳು. ಕೆಮ್ಮು ಮುಗಿದ ಮೇಲೆ, ಮರಗಟ್ಟಿದ ನಾಲಿಗೆಯಲ್ಲೇ ತೊದಲುತ್ತಾ, "ಉಸ್ರ ಜತೇಲಿ ಓಯ್ತು ಅಂತ ನಾ ಯೋಳ್ನಿಲ್ವಾ?" ಎಂದಳು. ಅಲ್ಲಿದ್ದ ಯಾರಿಗೂ ಅದು ಅರ್ಥವಾಗಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಕೊಳ್ಳೇಗಾಲದ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮುಂದೆ ತೆವಳುತ್ತಿತ್ತು. ಜಡೇಸ್ವಾಮಿ ಎರಡೆರಡು ಸಲ ಅವಳ ಮುಖ ನೋಡಿದ.

"ನೋವಾಯ್ತದಾ?"

"ಇಲ್ಲ."

ಸ್ವಲ್ಪ ಹೊತ್ತು ಬಿಟ್ಟು, "ನಿಜವಾಗ್ಲೂ ನೋವಾಗ್ನಿಲ್ವಾ?" ಎಂದ.

"ಅಯ್ಯೋ, ಸುಮ್ಕಿರಿ ಅತ್ಲಾಗೆ. ವಸಿ ಉಸ್ರು ಎಳ್ಕಳಕ್ಕೆ ಬುಡಿ" ಎಂದವಳು ಕಿಟಕಿಗೆ ಮುಖವಿಟ್ಟು ಎದೆಯ ತಳ ಮುಟ್ಟುವ ಹಾಗೆ ಉಸಿರೆಳೆದುಕೊಂಡಳು. ಎಲ್ಲೂ ಚುಚ್ಚಲಿಲ್ಲ.